ಪ್ರೇಕ್ಷಕರ ಸಾಲಿನಿಂದ ಏಳದ ಕಲಾವಿದ

1945ರ ಏಪ್ರಿಲ್ ತಿಂಗಳು. ಒಂದು ತಿಂಗಳ ಹಿಂದಷ್ಟೇ ಅಮೆರಿಕದ ವಿಮಾನಗಳು ಸುರಿಸಿದ ಬೆಂಕಿಯಲ್ಲಿ ಬೆಂದುಹೋಗಿದ್ದ ಓಸಾಕಾ ನಗರದಲ್ಲಿ, ಸುತ್ತಲಿನ ಕಟ್ಟಡಗಳು ಬೂದಿಯಾದರೂ ತಾನು ಉಳಿದು ನಿಂತಿದ್ದ ಶೋಚಿಕುಜಾ ಎಂಬ ಚಿತ್ರಮಂದಿರದೊಳಗೆ ಕುಳಿತು, ಹದಿನಾರು ವರ್ಷದ ಒಬ್ಬ ವಿದ್ಯಾರ್ಥಿ ಜಪಾನಿನ ನೌಕಾಪಡೆ ಪ್ರಚಾರಾರ್ಥವಾಗಿ ಮಾಡಿಸಿದ್ದ ‘ಮೊಮೊತಾರೋ’ ಎಂಬ ಅನಿಮೇಷನ್ ಚಿತ್ರವನ್ನು ನೋಡುತ್ತಿದ್ದನು. ಮಕ್ಕಳಿಗಾಗಿ ಮಾಡಿದ ಚಿತ್ರ ಅದು. ಆದರೆ ನಗರದ ಮಕ್ಕಳನ್ನು ಆ ವೇಳೆಗೆ ಹಳ್ಳಿಗಾಡುಗಳಿಗೆ ಸಾಗಿಸಿಬಿಟ್ಟಿದ್ದುದರಿಂದ ಮಂದಿರ ಬಹುಮಟ್ಟಿಗೆ ಬರಿದಾಗಿದ್ದಿತು. ಯುದ್ಧೋತ್ಸಾಹವನ್ನು ಕೆರಳಿಸಬೇಕೆಂಬ ಉದ್ದೇಶದಿಂದಲೇ ಹುಟ್ಟಿದ ಆ 74 ನಿಮಿಷಗಳ ಚಿತ್ರದಲ್ಲಿ, ನಿರ್ದೇಶಕ ಮಿತ್ಸುಯೋ ಸೇವೋ ಅಲ್ಲಲ್ಲಿ ಅಡಗಿಸಿಟ್ಟಿದ್ದ ಕಾಡಿನ ಪ್ರಾಣಿಗಳ ಹಾಡು, ಗಾಳಿಯಲ್ಲಿ ತೇಲಿಬರುವ ಹೂಬೀಜಗಳ ಹಗುರವಾದ ನಡೆ, ಇವುಗಳಲ್ಲಿ ಶಾಂತಿಯ ಕಾಲದ ನೆನಪನ್ನು ಕಂಡುಕೊಂಡ ಆ ಹುಡುಗ ಕಣ್ಣೀರು ಸುರಿಸಿದನು. ತನ್ನ ಜೀವಮಾನದಲ್ಲಿ ಒಮ್ಮೆಯಾದರೂ ಇಂಥ ಚಿತ್ರವೊಂದನ್ನು ಮಾಡಿಯೇ ತೀರುವೆನೆಂದು ಸಂಕಲ್ಪಿಸಿದನು. ಆತನ ಹೆಸರು ಒಸಾಮು ತೆಜುಕಾ. ಮುಂದೆ ಸುಮಾರು ಒಂದೂವರೆ ಲಕ್ಷ ಪುಟಗಳಷ್ಟು ಮಾಂಗಾ, ಎಂದರೆ ಜಪಾನೀ ಚಿತ್ರಕಥೆ, ಬರೆದು, ಆ ನಾಡಿನ ಜನ ‘ಮಾಂಗಾದ ದೇವರು’ ಎಂದು ಕರೆಯುವಂತಾದವನು ಆತನೇ.

ಅಭಿಮಾನಿಗಳನ್ನು ದೇವರೆಂದು ಕರೆದ ರಾಜಕುಮಾರರ ನಾಡಿನಲ್ಲಿ ಅಭಿಮಾನವೆಂದರೇನೆಂದು ಯಾರಿಗೂ ವಿವರಿಸಬೇಕಾದುದಿಲ್ಲ. ಆದರೂ ವಿದ್ವದ್ಗೋಷ್ಠಿಗಳಲ್ಲಿ ಅದಕ್ಕೆ ಸಲ್ಲಬೇಕಾದ ಮರ್ಯಾದೆ ಸಂದಿಲ್ಲ. ಮೆಚ್ಚುವವನು ಒಬ್ಬ, ನಿರ್ಮಿಸುವವನು ಮತ್ತೊಬ್ಬ. ಮೊದಲನೆಯವನದು ಬರಿಯ ಭಾವೋದ್ರೇಕ, ಎರಡನೆಯವನದು ಪ್ರತಿಭೆ ಎಂದು ನಾವು ಪಾಲು ಹಂಚಿಬಿಟ್ಟಿದ್ದೇವೆ. ಸಾವಿರ ವರ್ಷಗಳಿಗೂ ಹಿಂದೆಯೇ ‘ಕಾವ್ಯಮೀಮಾಂಸೆ’ಯನ್ನು ಬರೆದ ರಾಜಶೇಖರನು ನಮಗಿಂತ ಉದಾರಿಯಾಗಿದ್ದನು: ರಚಿಸುವ ಶಕ್ತಿಯನ್ನು ಕಾರಯಿತ್ರೀ ಎಂದೂ, ಅದನ್ನು ಸವಿದು ಅರಿಯುವ ಶಕ್ತಿಯನ್ನು ಭಾವಯಿತ್ರೀ ಎಂದೂ ಆತ ಬೇರ್ಪಡಿಸಿದನಾದರೂ ಎರಡನ್ನೂ ಪ್ರತಿಭೆಯೆಂದೇ ಎಣಿಸಿದನು. ರೇಖೆಗಳಲ್ಲಿ ಕಥೆ ಹೇಳುವ ಕಸುಬಿಗೆ ಕೈಯಿಟ್ಟ ನನಗೆ, ಈ ಎರಡು ಪ್ರತಿಭೆಗಳು ಒಂದೇ ದೇಹದಲ್ಲಿ ಒಂದನ್ನೊಂದು ಸಾಕಿಕೊಂಡು, ಕೆಲವೊಮ್ಮೆ ಒಂದನ್ನೊಂದು ಗಾಯಗೊಳಿಸಿಕೊಂಡು ಬಾಳಿದುದಕ್ಕೆ ತೆಜುಕಾನ ಬದುಕಿಗಿಂತ ಉತ್ತಮವಾದ ನಿದರ್ಶನ ಇನ್ನೊಂದಿಲ್ಲವೆಂದು ತೋರಿದೆ. ಆತ ದೊಡ್ಡ ಕಲಾವಿದನಾದುದು ಅಭಿಮಾನಿಯಾಗಿರುವುದನ್ನು ಬಿಟ್ಟಮೇಲಲ್ಲ. ಎಂದೂ ಬಿಡದೆ ಇದ್ದುದರಿಂದ.

ಆತ ಹುಟ್ಟಿದ್ದು 1928ರ ನವೆಂಬರ್ 3ರಂದು, ಓಸಾಕಾ ಬಳಿಯ ತೊಯೊನಾಕಾದಲ್ಲಿ. 1933ರಲ್ಲಿ ಮನೆಯವರು ತಕಾರಾಜುಕಾ ಎಂಬ ಊರಿಗೆ ಹೋಗಿ ನೆಲೆಸಿದರು. ರೈಲ್ವೆ ಉದ್ಯಮಿಯಾದ ಇಚಿಜೋ ಕೊಬಯಾಶಿ ತನ್ನ ರೈಲುಮಾರ್ಗದ ಕೊನೆಯಲ್ಲಿದ್ದ ಈ ಊರಿಗೆ ಜನರನ್ನು ಸೆಳೆಯಲೆಂದು 1913ರಲ್ಲಿ ಸ್ಥಾಪಿಸಿದ ಗೀತನಾಟಕ ಮಂಡಳಿಯಲ್ಲಿ, ಗಂಡು ಪಾತ್ರಗಳನ್ನೂ ಸ್ತ್ರೀಯರೇ ಧರಿಸುತ್ತಿದ್ದರು. ಇಂದಿಗೂ ಹಾಗೆಯೇ ನಡೆದುಬಂದಿದೆ. ತಾಯಿ ಮಗನನ್ನು ಮತ್ತೆ ಮತ್ತೆ ಅಲ್ಲಿಗೆ ಕರೆದೊಯ್ಯುತ್ತಿದ್ದಳು. ತಂದೆಯ ಬಳಿ ಪಾತೆ ಕಂಪನಿಯ ಚಿಕ್ಕದೊಂದು ಪ್ರೊಜೆಕ್ಟರ್ ಇದ್ದು, ಅದರಿಂದ ಮನೆಯ ಗೋಡೆಯ ಮೇಲೆ ಚಾಪ್ಲಿನ್ನನೂ ಮಿಕ್ಕಿ ಮೌಸೂ ಕುಣಿಯುತ್ತಿದ್ದರು. ಕೀಟಗಳನ್ನು ಸಂಗ್ರಹಿಸುವ ಗೀಳೊಂದು ಬೇರೆ. ಅದು ಎಷ್ಟು ಬಲವಾಗಿತ್ತೆಂದರೆ, ಹುಡುಗ ತನ್ನ ಹೆಸರನ್ನು ಬರೆಯುವ ಅಕ್ಷರಕ್ಕೆ ಕೀಟವನ್ನು ಸೂಚಿಸುವ ಅಕ್ಷರವೊಂದನ್ನು ಸೇರಿಸಿಕೊಂಡು ಸಹಿ ಮಾಡತೊಡಗಿದನು, ಕೊನೆಯವರೆಗೂ ಅದೇ ಆತನ ಸಹಿಯಾಗಿ ಉಳಿಯಿತು. ರಂಗಭೂಮಿ, ಚಲನಚಿತ್ರ, ಕೀಟಲೋಕ: ಮೂರರ ಮುಂದೆಯೂ ಕಣ್ಣರಳಿಸಿ ಕುಳಿತ ಆ ಬಾಲ್ಯದಲ್ಲಿ ಆತ ನೋಡಿದುದು ಯಾವುದೂ ವ್ಯರ್ಥವಾಗಲಿಲ್ಲ. 1953ರಲ್ಲಿ ಆರಂಭವಾದ ಆತನ ಮಾಂಗಾ ‘ರಿಬ್ಬನ್ ನೋ ಕಿಶಿ’ಯ ನಾಯಕಿ, ರಾಜಕುಮಾರನ ವೇಷದಲ್ಲಿ ಖಡ್ಗ ಹಿಡಿಯುವ ರಾಜಕುಮಾರಿ ಸಫೈರ್, ತಕಾರಾಜುಕಾ ರಂಗಮಂಚದಿಂದ ನೇರವಾಗಿ ಇಳಿದು ಬಂದವಳು.

ಯುದ್ಧ ಮುಗಿಯಿತು. ಓಸಾಕಾದಲ್ಲಿ ವೈದ್ಯವಿದ್ಯೆಯನ್ನು ಕಲಿಯುತ್ತಿರುವಾಗಲೇ, 1946ರ ಜನವರಿಯಲ್ಲಿ, ಮಕ್ಕಳ ಪತ್ರಿಕೆಯೊಂದರಲ್ಲಿ ಆತನ ನಾಲ್ಕು ಚೌಕಟ್ಟುಗಳ ಮೊದಲ ಚಿತ್ರಮಾಲೆ ಪ್ರಕಟವಾಯಿತು. ಮರುವರ್ಷ ಹೊರಬಿದ್ದ ‘ಶಿನ್ ತಕಾರಾಜಿಮಾ’, ಎಂದರೆ ‘ಹೊಸ ನಿಧಿದ್ವೀಪ’, ಅನಿಮೇಷನ್ ಕೆಲಸದಲ್ಲಿ ಪಳಗಿದ್ದ ಹಿರಿಯ ಶಿಚಿಮಾ ಸಾಕಾಯಿ ಹೆಣೆದ ಕಥೆಗೆ ತೆಜುಕಾ ಚಿತ್ರ ಬರೆದ ಪುಸ್ತಕ. ಕಾಗದಕ್ಕೂ ಅನ್ನಕ್ಕೂ ಬರವಿದ್ದ ಆ ದಿನಗಳಲ್ಲಿ ಅದರ ನಾಲ್ಕು ಲಕ್ಷ ಪ್ರತಿಗಳು ಮಾರಾಟವಾದುವೆಂದು ಹೇಳುತ್ತಾರೆ. ಅದರ ಮೊದಲ ಪುಟಗಳನ್ನು ನಾನು ಎಷ್ಟು ಸಲ ತೆರೆದರೂ ಬೇಸರ ಬಂದುದಿಲ್ಲ. ಒಬ್ಬ ಹುಡುಗ ಮೋಟಾರು ಓಡಿಸಿಕೊಂಡು ಬಂದರಿಗೆ ಧಾವಿಸುತ್ತಾನೆ, ಅಷ್ಟೆ ವಿಷಯ. ಆದರೆ ಅಂದಿನ ಬಹುಪಾಲು ಮಾಂಗಾಗಳಲ್ಲಿ, ನಾಟಕಶಾಲೆಯ ನಡುಸಾಲಿನಲ್ಲಿ ಕುಳಿತವನಿಗೆ ಕಾಣುವಂತೆ, ಪಾತ್ರಗಳು ಅಡಿಯಿಂದ ಮುಡಿಯವರೆಗೆ ಒಂದೇ ದೂರದಲ್ಲಿ ಕಾಣಿಸಿಕೊಳ್ಳುತ್ತಿದ್ದರೆ, ಇಲ್ಲಿ ಮೋಟಾರು ದೂರದಿಂದ ಹೊರಟು ಚೌಕಟ್ಟಿನಿಂದ ಚೌಕಟ್ಟಿಗೆ ಹಿಗ್ಗುತ್ತ, ನಮ್ಮ ಮೈಮೇಲೆ ಬಂದಂತಾಗಿ, ಹುಡುಗನ ಮುಖವನ್ನು ಹತ್ತಿರದಿಂದ ತೋರಿಸಿ, ಮತ್ತೆ ರಸ್ತೆಯ ತಿರುವಿನಲ್ಲಿ ಹೊರಳುತ್ತದೆ. ಕ್ಷಣಮಾತ್ರದಲ್ಲಿ ಹೇಳಿ ಮುಗಿಸಬಹುದಾದ ಸಂಗತಿಗೆ ಪುಟಗಳನ್ನೇ ವ್ಯಯಿಸುವ ಈ ಔದಾರ್ಯವನ್ನು ಆತ ಕಲಿತದ್ದು ಚಲನಚಿತ್ರದಿಂದ, ಕ್ಯಾಮೆರಾದ ಹಿಂದೆ ಎಂದೂ ನಿಂತಿಲ್ಲದ ಬರಿಯ ಪ್ರೇಕ್ಷಕನಾಗಿ. ತೊಯಾಮಾ ಪ್ರಾಂತದಲ್ಲಿ ಓದುತ್ತಿದ್ದ ಇಬ್ಬರು ಶಾಲಾಬಾಲಕರು ಆ ಪುಟಗಳನ್ನು ತಿರುವಿದಾಗ, ಕಾಗದದ ಮೇಲೆ ಸಿನಿಮಾ ನೋಡಿದಂತಾಯಿತೆಂದು ಬೆರಗಾದರು. ಅವರ ವಿಷಯ ಮುಂದೆ ಬರುತ್ತದೆ.

ಚಲನಚಿತ್ರಗಳ ಮೇಲಿನ ಈ ಪ್ರೀತಿ ಎಂಥ ವಿಚಿತ್ರ ರೂಪಗಳನ್ನು ತಾಳಿತೆಂಬುದಕ್ಕೆ 1949ರ ‘ಮೆಟ್ರೊಪೊಲಿಸ್’ ಸಾಕ್ಷಿ. ಜರ್ಮನಿಯ ಫ್ರಿಟ್ಸ್ ಲಾಂಗ್ ಅದೇ ಹೆಸರಿನಲ್ಲಿ ಮಾಡಿದ್ದ ಪ್ರಸಿದ್ಧ ಮೂಕಚಿತ್ರವನ್ನು ತೆಜುಕಾ ಆಗ ನೋಡಿರಲಿಲ್ಲ. ಪತ್ರಿಕೆಯೊಂದರಲ್ಲಿ ಅಚ್ಚಾದ ಅದರ ಒಂದೇ ಒಂದು ಸ್ಥಿರಚಿತ್ರವನ್ನು, ಯಂತ್ರದೇಹದ ಸ್ತ್ರೀಯ ಚಿತ್ರವನ್ನು, ಕಂಡಿದ್ದನು. ಆ ಒಂದು ಚಿತ್ರದ ಸುತ್ತ ತನ್ನದೇ ನಗರವನ್ನು, ತನ್ನದೇ ಕಥೆಯನ್ನು ಕಟ್ಟಿದನು. ತಲುಪಲಾಗದ ಚಿತ್ರವೊಂದನ್ನು ಮನಸ್ಸಿನಲ್ಲೇ ನಿರ್ಮಿಸಿಕೊಂಡು ತೃಪ್ತಿಪಡುವುದು ಎಲ್ಲ ಅಭಿಮಾನಿಗಳಿಗೂ ಉಂಟು. ಹಾಗೆ ನಿರ್ಮಿಸಿಕೊಂಡುದನ್ನು ಪುಸ್ತಕವಾಗಿಸಿ ಇತರರ ಕೈಗಿಡುವುದು ಅಪರೂಪ. ಆ ಪುಸ್ತಕವೇ 2001ರಲ್ಲಿ, ತೆಜುಕಾ ತೀರಿಕೊಂಡು ಹನ್ನೆರಡು ವರ್ಷಗಳ ಮೇಲೆ, ರಿನ್‌ತಾರೋನ ನಿರ್ದೇಶನದಲ್ಲಿಯೂ ಕತ್ಸುಹಿರೋ ಓತೊಮೊನ ಬರವಣಿಗೆಯಲ್ಲಿಯೂ ಅನಿಮೇಷನ್ ಚಿತ್ರವಾಯಿತು. ತೆರೆಯಿಂದ ಪುಟಕ್ಕೆ ಬಂದ ಋಣ ಪುಟದಿಂದ ತೆರೆಗೆ ಹಿಂದಿರುಗಿತು.

ಪಾತ್ರಗಳನ್ನು ಕೂಡ ಆತ ಹಾಲಿವುಡ್ಡಿನ ಸ್ಟುಡಿಯೋ ಯಜಮಾನನಂತೆಯೇ ನಡೆಸಿಕೊಂಡನು. ಬೋಳುತಲೆಯ, ದೊಡ್ಡ ಮೀಸೆಯ ಹಿಗೆಒಯಾಜಿ, ತಲೆಯ ಹಿಂಬದಿಯಲ್ಲಿ ಮೇಣದ ಬತ್ತಿ ಉರಿಯುವ ಲ್ಯಾಂಪ್, ಕಪ್ಪು ಕನ್ನಡಕದ ರಾಕ್ ಇವರೆಲ್ಲರೂ ನಟರು; ಒಂದು ಕಥೆಯಲ್ಲಿ ಪತ್ತೇದಾರನಾದವನು ಇನ್ನೊಂದರಲ್ಲಿ ಶಾಲಾಮೇಷ್ಟರಾಗುವನು, ಇಲ್ಲಿ ಖಳನಾಗಿ ಸತ್ತವನು ಅಲ್ಲಿ ಮತ್ತೆ ಹುಟ್ಟಿಬರುವನು. ಇವರಿಗೆಲ್ಲ ಸಲ್ಲಬೇಕಾದ ಸಂಭಾವನೆಯನ್ನೂ ಆತ ಟಿಪ್ಪಣಿ ಪುಸ್ತಕದಲ್ಲಿ ಬರೆದಿಟ್ಟಿದ್ದನು. 1972ರಿಂದ 1983ರವರೆಗೆ ಬರೆದ ‘ಬುದ್ಧ’ದಲ್ಲಿ, ನಮ್ಮ ಕಪಿಲವಸ್ತು ಮಗಧಗಳ ಗಂಭೀರ ಕಥೆಯ ನಡುವೆಯೂ ಈ ತಂಡದ ಪರಿಚಿತ ಮುಖಗಳು ಇಣುಕುತ್ತವೆ. ಮೊದಲು ಓದುವಾಗ ಇದು ರಸಭಂಗವೆಂದು ತೋರಬಹುದು. ನನಗೆ ಹಾಗೆ ತೋರಲಿಲ್ಲ. ನೆಚ್ಚಿನ ನಟನನ್ನು ಹೊಸ ವೇಷದಲ್ಲಿ ಕಂಡಾಗ ನಮ್ಮ ಚಿತ್ರಮಂದಿರಗಳಲ್ಲಿ ಏಳುವ ಆ ಸಿಳ್ಳಿನ ಸಂತೋಷವನ್ನು ಆತ ಓದುಗನಿಗೂ ಒದಗಿಸಿಕೊಟ್ಟನೆಂದೇ ನನ್ನ ಎಣಿಕೆ.

ಡಿಸ್ನಿಯ ವಿಷಯಕ್ಕೆ ಬಂದರೆ ಈ ಅಭಿಮಾನಕ್ಕೆ ಮೇರೆಯೇ ಇರಲಿಲ್ಲ. 1951ರಲ್ಲಿ ‘ಬ್ಯಾಂಬಿ’ ಜಪಾನಿಗೆ ಬಂದಾಗ ಬೆಳಗಿನ ಆಟಕ್ಕೆ ಹೊಕ್ಕು ರಾತ್ರಿಯ ಆಟ ಮುಗಿದ ಮೇಲೆ ಹೊರಬರುತ್ತ, ಒಟ್ಟಿನಲ್ಲಿ ಎಂಬತ್ತಕ್ಕೂ ಹೆಚ್ಚು ಬಾರಿ ಅದನ್ನು ನೋಡಿದುದಾಗಿ ಆತನೇ ಹೇಳಿಕೊಂಡಿದ್ದಾನೆ. ಅನಂತರ ಅದೇ ಕಥೆಯನ್ನು ಮಾಂಗಾ ರೂಪದಲ್ಲಿ ಬರೆದನು. ಈ ಪುನರಾವೃತ್ತಿ ಭಕ್ತಿಯೂ ಹೌದು, ವ್ಯಾಸಂಗವೂ ಹೌದು. ಯಾವ ಕಲಾಶಾಲೆಯಲ್ಲಿಯೂ ಕಲಿಯದ ಈ ವೈದ್ಯವಿದ್ಯಾರ್ಥಿಗೆ ಕತ್ತಲು ತುಂಬಿದ ಚಿತ್ರಮಂದಿರವೇ ಕಲಾಶಾಲೆ. ವೈದ್ಯವೃತ್ತಿಯೋ ಚಿತ್ರಕಥೆಯೋ ಎಂಬ ಇಬ್ಬಂದಿಯಲ್ಲಿ ಸಿಕ್ಕಿ ತಾಯಿಯನ್ನು ಕೇಳಿದಾಗ, ಆಕೆ ನಿನಗೆ ಯಾವುದು ಹೆಚ್ಚು ಪ್ರಿಯವೋ ಅದನ್ನೇ ಮಾಡೆಂದಳಂತೆ. ವೈದ್ಯನಾಗಿ ಪರವಾನಗಿ ಪಡೆದೂ, 1961ರಲ್ಲಿ ನಾರಾ ವೈದ್ಯಕೀಯ ಕಾಲೇಜಿನಿಂದ ಡಾಕ್ಟರೇಟ್ ಪದವಿ ಪಡೆದೂ, ಆತ ಪ್ರಿಯವಾದುದನ್ನೇ ಮಾಡಿದನು. ಆ ತಾಯಿಗೆ ಜಪಾನು ಎಷ್ಟು ಋಣಿಯಾಗಿದ್ದರೂ ಕಡಮೆಯೇ.

ಇನ್ನು ತೊಯಾಮಾದ ಆ ಇಬ್ಬರು ಬಾಲಕರು. ತೆಜುಕಾನಿಗೆ ಪತ್ರ ಬರೆದು, ತಾವು ಬರೆದ ಚಿತ್ರಕಥೆಯನ್ನು ಕೈಯಲ್ಲಿ ಹಿಡಿದು ತಕಾರಾಜುಕಾದ ಮನೆಗೆ ಬಂದು ಆತನನ್ನು ಕಂಡ ಆ ಗೆಳೆಯರು, ಫುಜಿಕೊ ಫುಜಿಯೊ ಎಂಬ ಜಂಟಿ ಹೆಸರಿನಲ್ಲಿ ಮುಂದೆ ಖ್ಯಾತರಾದರು. ನಮ್ಮ ಮಕ್ಕಳು ದೂರದರ್ಶನದ ಮುಂದೆ ಕುಳಿತು ನೋಡುವ ‘ಡೋರೇಮಾನ್’ ಅವರಲ್ಲೊಬ್ಬನ ಸೃಷ್ಟಿ. ತೋಕಿಯೋ ನಗರದ ತೋಕಿವಾ-ಸೋ ಎಂಬ ಮರದ ವಸತಿಗೃಹದಲ್ಲಿ 1953ರಲ್ಲಿ ಕೋಣೆ ಹಿಡಿದಿದ್ದ ತೆಜುಕಾ, ಮರುವರ್ಷ ಅಲ್ಲಿಂದ ಹೊರಡುವಾಗ ತನ್ನ ಕೋಣೆಯನ್ನು ಇವರಿಗೆ ಬಿಟ್ಟುಕೊಟ್ಟದ್ದಲ್ಲದೆ, ತಾನು ಕಟ್ಟಿದ್ದ ಮುಂಗಡದ ಹಣವನ್ನೂ ಅವರಿಗಾಗಿ ಹಾಗೆಯೇ ಉಳಿಸಿಹೋದನು. ಶೋತಾರೋ ಇಶಿನೊಮೊರಿ, ಫುಜಿಯೊ ಅಕತ್ಸುಕಾ ಮೊದಲಾದ ಎಳೆಯರು ಒಬ್ಬೊಬ್ಬರಾಗಿ ಬಂದು ಅದೇ ಕಟ್ಟಡದಲ್ಲಿ ನೆಲೆಸಿದರು. ಇವರಲ್ಲಿ ಬಹಳ ಮಂದಿ ‘ಮಾಂಗಾ ಶೋನೆನ್’ ಎಂಬ ಪತ್ರಿಕೆಯ ಓದುಗರ ವಿಭಾಗಕ್ಕೆ ಚಿತ್ರ ಕಳುಹಿಸುತ್ತಿದ್ದವರು. ತೆಜುಕಾನ ಬಿಳಿ ಸಿಂಹದ ಕಥೆ ‘ಜಂಗಲ್ ಸಾಮ್ರಾಟ’ 1950ರಿಂದ ಧಾರಾವಾಹಿಯಾಗಿ ಬಂದದ್ದೂ ಅದರಲ್ಲಿಯೇ. ಸಂಪಾದಕರು ಓದುಗರಿಗೆಂದು ಮೀಸಲಿಟ್ಟ ಆ ಕೆಲವು ಪುಟಗಳು ಇಲ್ಲದಿದ್ದಲ್ಲಿ ಜಪಾನಿನ ಎರಡನೆಯ ತಲೆಮಾರಿನ ಮಾಂಗಾಕಾರರಲ್ಲಿ ಎಷ್ಟು ಮಂದಿ ಲೇಖನಿ ಹಿಡಿಯುತ್ತಿದ್ದರೋ ಹೇಳಲಾಗದು. ಪತ್ರಿಕೆ ನಡೆಸುವವರು ಇದನ್ನು ಮನಸ್ಸಿಟ್ಟು ಗಮನಿಸಬೇಕೆಂದು ನನ್ನ ಪ್ರಾರ್ಥನೆ.

ಆದರೆ ಅಭಿಮಾನಕ್ಕೆ ಇನ್ನೊಂದು ಮುಖವುಂಟು. ಅದನ್ನು ಮರೆಮಾಚಿದರೆ ಈ ಕಥೆ ಸುಳ್ಳಾಗುತ್ತದೆ. 1967ರಲ್ಲಿ ತೆಜುಕಾ ತಾನೇ ಮುಂದೆ ನಿಂತು ‘ಕಾಮ್’ ಎಂಬ ಪತ್ರಿಕೆಯನ್ನು ತಂದಾಗ, ಅದರಲ್ಲಿ ಇಶಿನೊಮೊರಿ ‘ಜುನ್’ ಎಂಬ, ಮಾತುಗಳೇ ಅತ್ಯಲ್ಪವಾದ, ಕವಿತೆಯಂಥ ಚಿತ್ರಮಾಲೆಯನ್ನು ಆರಂಭಿಸಿದನು. ತಾನು ಕರೆದು ಬೆಳೆಸಿದ ಶಿಷ್ಯಪ್ರಾಯನಾದ ಆ ಯುವಕನ ಕೃತಿಯನ್ನು, ಓದುಗನೊಬ್ಬನಿಗೆ ಬರೆದ ಪತ್ರದಲ್ಲಿ, ಅದು ಮಾಂಗಾವೇ ಅಲ್ಲವೆಂದು ತೆಜುಕಾ ಕಟುವಾಗಿ ಜರೆದನು. ವಿಷಯ ತಿಳಿದು ನೊಂದ ಇಶಿನೊಮೊರಿ ಮಾಲೆಯನ್ನೇ ನಿಲ್ಲಿಸುವೆನೆಂದನು. ಆಗ ತೆಜುಕಾ ಆತನ ಮನೆಬಾಗಿಲಿಗೆ ಹೋಗಿ, ಹಾಗೇಕೆ ಮಾಡಿದೆನೆಂದು ತನಗೇ ತಿಳಿಯದೆಂದೂ ತನ್ನ ಮೇಲೆ ತನಗೇ ಅಸಹ್ಯವಾಗುತ್ತಿದೆಯೆಂದೂ ಹೇಳಿ ಕ್ಷಮೆ ಬೇಡಿದನು. ಇದನ್ನು ಇಶಿನೊಮೊರಿಯೇ ಮುಂದೆ ಬರೆದಿದ್ದಾನೆ. ಅಸೂಯೆ ಎಂದು ಒಂದೇ ಮಾತಿನಲ್ಲಿ ಇದನ್ನು ತೀರ್ಮಾನಿಸಿಬಿಡುವವರಿದ್ದಾರೆ. ಅಸೂಯೆಯೇ ಹೌದು, ಆದರೆ ಅದರ ಮೂಲವನ್ನು ನೋಡಬೇಡವೆ? ಇತರರ ಕೃತಿಗಳನ್ನು ಉದಾಸೀನದಿಂದ ನೋಡುವ ಶಕ್ತಿ ಆತನಿಗೆ ಇರಲೇ ಇಲ್ಲ. ಒಳ್ಳೆಯ ಚಿತ್ರವೊಂದನ್ನು ಕಂಡರೆ ಆತನ ಮೈಯೆಲ್ಲ ಕಣ್ಣಾಗುತ್ತಿದ್ದಿತು. ಡಿಸ್ನಿಯ ವಿಷಯದಲ್ಲಿ ಪೂಜೆಯಾಗಿ ಹರಿದದ್ದು, ತನ್ನ ಕೈಯಳತೆಯಲ್ಲಿದ್ದ ಕಿರಿಯನ ವಿಷಯದಲ್ಲಿ ಬಾಧೆಯಾಗಿ ಹರಿಯಿತು. ಕ್ಷಮೆ ಬೇಡಲು ಬಾಗಿಲಿಗೆ ಹೋದ ನಡೆಯಲ್ಲಿಯೂ ಅದೇ ಅಭಿಮಾನ ಕೆಲಸ ಮಾಡಿತೆಂದು ನಾನು ನಂಬುತ್ತೇನೆ.

ಅಭಿಮಾನಿಯ ಕಡೆಯಿಂದಲೂ ಒಂದು ನೋವುಂಟು. 1941ರಲ್ಲಿ ಹುಟ್ಟಿ, ತೆಜುಕಾನ ಪುಸ್ತಕಗಳನ್ನು ಓದಿಕೊಂಡೇ ಬೆಳೆದು, ಮುಂದೆ ಅನಿಮೇಷನ್ ಚಿತ್ರಗಳ ನಿರ್ದೇಶಕನಾದ ಹಯಾವೊ ಮಿಯಾಜಾಕಿ, ಹದಿಹರೆಯದ ಕೊನೆಯ ವೇಳೆಗೆ ತಾನು ಬರೆಯುವುದೆಲ್ಲ ತೆಜುಕಾನಂತೆಯೇ ಇದೆಯೆಂದು ಅರಿವಾದಾಗ, ಅದುವರೆಗೆ ಬರೆದ ಚಿತ್ರಗಳನ್ನು ಸುಟ್ಟುಹಾಕಿದನು. ಪ್ರೀತಿಸಿದವನಿಂದ ಬಿಡಿಸಿಕೊಳ್ಳದೆ ತನ್ನ ಕೈ ತನಗೆ ದೊರೆಯುವುದಿಲ್ಲವೆಂಬುದನ್ನು ಇಷ್ಟು ಉಗ್ರವಾಗಿ ಕಂಡುಕೊಂಡವರು ವಿರಳ. 1989ರಲ್ಲಿ ತೆಜುಕಾ ತೀರಿಕೊಂಡಾಗಲೂ, ಆತನ ಮಾಂಗಾದ ಹಿರಿಮೆಯನ್ನು ಒಪ್ಪಿದ ಮಿಯಾಜಾಕಿ, ಆತನ ಅನಿಮೇಷನ್ ಕಾರ್ಯವನ್ನು ನಿಷ್ಠುರವಾಗಿ ಟೀಕಿಸಿ ಬರೆದನು. ಆ ಟೀಕೆಗೆ ಆಧಾರವಿದ್ದಿತು. 1963ರ ಜನವರಿ 1ರಂದು ದೂರದರ್ಶನದಲ್ಲಿ ಆರಂಭವಾದ ‘ತೆತ್ಸುವಾನ್ ಆತೊಮು’, ಹೊರನಾಡುಗಳಲ್ಲಿ ‘ಆಸ್ಟ್ರೋ ಬಾಯ್’ ಎಂದು ಹೆಸರಾದ ಯಂತ್ರಬಾಲಕನ ಕಥೆ, ವಾರಕ್ಕೊಂದು ಕಂತಿನಂತೆ ನಾಲ್ಕು ವರ್ಷ ನಡೆದು 193 ಕಂತುಗಳನ್ನು ಕಂಡಿತು. ಡಿಸ್ನಿಯ ಚಿತ್ರಗಳಲ್ಲಿ ಸೆಕೆಂಡಿಗೆ ಇಪ್ಪತ್ತನಾಲ್ಕರವರೆಗೂ ರೇಖಾಚಿತ್ರಗಳು ಬೇಕಾಗುತ್ತಿದ್ದರೆ, ಇಲ್ಲಿ ಅದರ ಮೂರನೆಯ ಒಂದು ಪಾಲೋ ಅದಕ್ಕಿಂತ ಕಡಮೆಯೋ. ತುಟಿಯೊಂದೇ ಅಲುಗುತ್ತದೆ, ಮುಖ ಸ್ಥಿರವಾಗಿರುತ್ತದೆ, ಒಮ್ಮೆ ಬರೆದ ಹಾರಾಟದ ದೃಶ್ಯ ಮತ್ತೆ ಮತ್ತೆ ಬರುತ್ತದೆ. ತಯಾರಿಕೆಯ ವೆಚ್ಚಕ್ಕಿಂತ ಬಹಳ ಕಡಮೆ ಬೆಲೆಗೆ ಆತ ಕಂತುಗಳನ್ನು ಮಾರಿದುದು, ಮುಂದಿನ ಅನಿಮೇಷನ್ ಕೆಲಸಗಾರರ ದುಡಿಮೆಗೆ ಅಗ್ಗದ ಬೆಲೆಯನ್ನು ಗೊತ್ತುಮಾಡಿಬಿಟ್ಟಿತೆಂಬ ಆಕ್ಷೇಪ ಇಂದಿಗೂ ಉಳಿದಿದೆ. ಎಂಬತ್ತು ಸಲ ‘ಬ್ಯಾಂಬಿ’ಯನ್ನು ನೋಡಿದ ಕಣ್ಣಿಗೆ ತನ್ನ ಚಿತ್ರದ ಬಡತನ ಕಾಣದೆ ಇದ್ದೀತೆ? ಕಂಡಿದ್ದಿತು. ಕಂಡೂ, ಯಾವ ರೀತಿಯಲ್ಲಾದರೂ ಆಗಲಿ, ಅನಿಮೇಷನ್ ತನ್ನ ನಾಡಿನ ಮನೆಮನೆಗೂ ಬರಬೇಕೆಂಬ ಹಂಬಲ ಆತನಲ್ಲಿ ಗೆದ್ದಿತು.

ಅಮೆರಿಕದಲ್ಲಿ ಆ ಮಾಲೆಯನ್ನು ನೋಡಿದ ನಿರ್ದೇಶಕ ಸ್ಟ್ಯಾನ್ಲಿ ಕುಬ್ರಿಕ್ ತನ್ನ ಮುಂದಿನ ಚಿತ್ರಕ್ಕೆ ಕಲಾನಿರ್ದೇಶಕನಾಗಿ ಬರಬೇಕೆಂದು 1965ರಲ್ಲಿ ಪತ್ರ ಬರೆದನು. ಇಂಗ್ಲೆಂಡಿನಲ್ಲಿ ಒಂದು ವರ್ಷ ಇರಬೇಕಾಗಿದ್ದಿತು. ತನ್ನ ಮುಶಿ ಪ್ರೊಡಕ್ಷನ್ ಸ್ಟುಡಿಯೋವನ್ನು ನಂಬಿದ್ದ ಜನರನ್ನು ಬಿಟ್ಟು ಹೋಗಲಾರದೆ ತೆಜುಕಾ ನಿರಾಕರಿಸಿದನು. ‘2001: ಎ ಸ್ಪೇಸ್ ಒಡಿಸ್ಸಿ’ 1968ರಲ್ಲಿ ತೆರೆಗೆ ಬಂದಾಗ, ಕೈತಪ್ಪಿದ ಅವಕಾಶಕ್ಕಾಗಿ ಕರುಬುವುದಕ್ಕೆ ಬದಲು ಆ ಚಿತ್ರದ ಪರಮಾಭಿಮಾನಿಯಾಗಿ, ರಾತ್ರಿಯೆಲ್ಲ ಕೆಲಸ ಮಾಡುವಾಗ ಅದರ ಸಂಗೀತವನ್ನು ಸ್ಟುಡಿಯೋದಲ್ಲಿ ಗಟ್ಟಿಯಾಗಿ ಹಾಕಿಸಿಕೊಂಡು ಕೇಳುತ್ತಿದ್ದನು. 1973ರಲ್ಲಿ ಮುಶಿ ಪ್ರೊಡಕ್ಷನ್ ದಿವಾಳಿಯಾಯಿತು. ಆತನ ಕಾಲ ಮುಗಿಯಿತೆಂದು ಜನ ಆಡಿಕೊಳ್ಳುತ್ತಿದ್ದಂತೆಯೇ, ಅದೇ ವರ್ಷದ ಕೊನೆಯಲ್ಲಿ ‘ಬ್ಲ್ಯಾಕ್ ಜ್ಯಾಕ್’ ಎಂಬ, ಪರವಾನಗಿಯಿಲ್ಲದ ಶಸ್ತ್ರವೈದ್ಯನ ಕಥಾಮಾಲೆ ಆರಂಭವಾಗಿ, ಎಂದೋ ಬದಿಗಿಟ್ಟಿದ್ದ ವೈದ್ಯವಿದ್ಯೆ ಆತನ ಕೈಹಿಡಿದು ಎತ್ತಿತು.

ಕೊನೆಯ ವರ್ಷಗಳ ಕಿರುಚಿತ್ರಗಳನ್ನು ನೋಡಿದವರು ತೆಜುಕಾನನ್ನು ಅತ್ಯಂತ ಸನಿಹದಿಂದ ಕಾಣುತ್ತಾರೆಂದು ನನ್ನ ಭಾವನೆ. ಚಲನಚಿತ್ರಗಳನ್ನು ಕುರಿತು ‘ಕಿನೆಮಾ ಜುಂಪೊ’ ಪತ್ರಿಕೆಗೆ ಪ್ರಬಂಧಗಳನ್ನು ಬರೆಯುತ್ತಿದ್ದ ಆ ಕಾಲದಲ್ಲಿಯೇ ಆತ ಮಾಡಿದ ‘ಒನ್‌ಬೊರೊ ಫಿಲ್ಮ್’, 1985ರಲ್ಲಿ ಹಿರೊಶಿಮಾದ ಮೊದಲ ಅಂತಾರಾಷ್ಟ್ರೀಯ ಅನಿಮೇಷನ್ ಉತ್ಸವದ ಮಹಾಬಹುಮಾನವನ್ನು ಪಡೆಯಿತು. ಹಳೆಯ ಮೂಕಚಿತ್ರವೊಂದರ ಸವೆದ ಪ್ರತಿ ಓಡುತ್ತಿರುವಂತೆ ಅದನ್ನು ರೂಪಿಸಿದ್ದಾನೆ: ಮಳೆಯಂತೆ ಗೀರುಗಳು, ನಡುವೆ ಹಾರಿಹೋಗುವ ತುಣುಕುಗಳು, ಪರದೆಯ ಅರ್ಧಕ್ಕೆ ಜಾರಿ ನಿಲ್ಲುವ ಚೌಕಟ್ಟಿನ ಗೆರೆ, ಕುದುರೆ ಸವಾರನಾದ ನಾಯಕ ಕಥೆಯ ಖಳನೊಂದಿಗೂ ಫಿಲ್ಮಿನ ಈ ದೋಷಗಳೊಂದಿಗೂ ಒಟ್ಟಿಗೆ ಸೆಣಸುತ್ತಾನೆ. 1987ರ ‘ಮೋರಿ ನೋ ದೆನ್ಸೆತ್ಸು’ ಇನ್ನೂ ದೊಡ್ಡ ಹವಣಿಕೆ. ಕಾಡನ್ನು ಕಡಿಯುವವರಿಗೂ ಕಾಡಿನ ಜೀವಿಗಳಿಗೂ ನಡೆಯುವ ಹೋರಾಟದ ಕಥೆಯನ್ನು ಚೈಕೋವ್‌ಸ್ಕಿಯ ನಾಲ್ಕನೆಯ ಸಿಂಫನಿಗೆ ಅಳವಡಿಸಿ, ಅನಿಮೇಷನ್ ಕಲೆ ನಡೆದುಬಂದ ದಾರಿಯನ್ನು, ಸ್ಥಿರಚಿತ್ರಗಳಿಂದ ಹಿಡಿದು ಡಿಸ್ನಿಯ ತುಂಬುಚಲನೆಯವರೆಗೆ, ಆಯಾ ಕಾಲದ ಶೈಲಿಯಲ್ಲಿಯೇ ಬರೆದು ತೋರಿಸುತ್ತಾನೆ. ಕಾಡನ್ನು ನೆಲಸಮ ಮಾಡಲು ಬರುವವರನ್ನು ಮಾತ್ರ, ತಾನೇ ಜಪಾನಿನಲ್ಲಿ ಬೇರೂರಿಸಿದ, ಕಡಮೆ ರೇಖೆಗಳ ಅಗ್ಗದ ಶೈಲಿಯಲ್ಲಿ ಚಿತ್ರಿಸಿದ್ದಾನೆ. ಮಿಯಾಜಾಕಿ ಹೇಳಲಿರುವುದನ್ನು ಎರಡು ವರ್ಷ ಮೊದಲೇ ತೆಜುಕಾ ತನ್ನ ಕುಂಚದಿಂದಲೇ ಹೇಳಿಬಿಟ್ಟಿದ್ದನು. ನಾಲ್ಕು ಭಾಗಗಳಲ್ಲಿ ಮೊದಲನೆಯದನ್ನೂ ಕೊನೆಯದನ್ನೂ ಮಾತ್ರ ಆತ ಪೂರೈಸಿದನು; ಎರಡನೆಯ ಭಾಗವನ್ನು ಮಗ ಮಾಕೊತೊ 2014ರಲ್ಲಿ ಮುಗಿಸಿದನು.

‘ಕಾಮ್’ ಪತ್ರಿಕೆ ಬಹುಕಾಲ ಬಾಳಲಿಲ್ಲವಾದರೂ, ಅದರ ಓದುಗರ ವಿಭಾಗದ ಸುತ್ತ ಊರೂರುಗಳಲ್ಲಿ ಹುಟ್ಟಿದ್ದ ಹವ್ಯಾಸಿ ಬಳಗಗಳ ಪರಂಪರೆಯಿಂದಲೇ, 1975ರ ಡಿಸೆಂಬರ್ 21ರಂದು ತೋಕಿಯೋದಲ್ಲಿ ‘ಕೋಮಿಕೆತ್ತೊ’ ಎಂಬ ಸಂತೆ ಮೊದಲ ಬಾರಿಗೆ ನೆರೆಯಿತು. ಓದುಗರೇ ಬರೆದು, ಓದುಗರೇ ಅಚ್ಚುಹಾಕಿಸಿ, ಓದುಗರಿಗೇ ಮಾರುವ ಆ ಸಂತೆಯಲ್ಲಿ ಅಂದು 32 ಬಳಗಗಳೂ ಸುಮಾರು 700 ಜನರೂ ಸೇರಿದ್ದರು. ಇಂದು ವರ್ಷಕ್ಕೆರಡು ಬಾರಿ ಲಕ್ಷಗಟ್ಟಲೆ ಜನ ಸೇರುತ್ತಾರೆ. ನೆಚ್ಚಿನ ಪಾತ್ರಗಳನ್ನು ಎತ್ತಿಕೊಂಡು ತಮ್ಮದೇ ಕಥೆ ಕಟ್ಟುವ ಆ ಹವ್ಯಾಸಿಗಳನ್ನು ಕಳ್ಳರೆನ್ನುವವರೂ ಉಂಟು. ಒಂದು ಸ್ಥಿರಚಿತ್ರದಿಂದ ‘ಮೆಟ್ರೊಪೊಲಿಸ್’ ಹುಟ್ಟಿದುದನ್ನು ಬಲ್ಲ ನಾನು ಆ ಮಾತನ್ನಾಡಲಾರೆ.

ಇದೇ ಪ್ರಶ್ನೆ 1994ರಲ್ಲಿ ಬೇರೊಂದು ದಿಕ್ಕಿನಿಂದ ಎದ್ದಿತು. ಡಿಸ್ನಿ ಸಂಸ್ಥೆಯ ‘ದಿ ಲಯನ್ ಕಿಂಗ್’ ಬಂದಾಗ, ಅದು ಬಿಳಿ ಸಿಂಹದ ಕಥೆಯನ್ನು ಹಲವೆಡೆ ಹೋಲುತ್ತದೆಂದು ಜಪಾನಿನ ನೂರಾರು ಚಿತ್ರಕಥೆಗಾರರು ಸಹಿಹಾಕಿ, ತೆಜುಕಾನಿಗೆ ಸಲ್ಲಬೇಕಾದ ಮನ್ನಣೆ ಸಲ್ಲಬೇಕೆಂದು ಕೇಳಿದರು. ಆತನ ಸಂಸ್ಥೆ ವ್ಯಾಜ್ಯ ಹೂಡಲಿಲ್ಲ. ಸಹಿಹಾಕಿದವರು ಮಾಡಿದುದು ನ್ಯಾಯವೆಂದೇ ನಾನು ಎಣಿಸುತ್ತೇನೆ. ಪ್ರೀತಿಯಿಂದ ಪಡೆದವನು ಪಡೆದೆನೆಂದು ಹೇಳಲು ಹಿಂಜರಿಯಬಾರದು. ತೆಜುಕಾ ಹಿಂಜರಿದವನಲ್ಲ. ಬಾಲ್ಯದಲ್ಲಿ, ಯುದ್ಧದ ನಡುವೆ, ಚೀನಾದ ವಾನ್ ಸಹೋದರರು ಮಾಡಿದ ‘ಲೋಹದ ಬೀಸಣಿಗೆಯ ರಾಣಿ’ ಎಂಬ ಅನಿಮೇಷನ್ ಚಿತ್ರವನ್ನು ಆತ ನೋಡಿ ಬೆರಗಾಗಿದ್ದನು. ಆ ಸಹೋದರರಲ್ಲಿ ಹಿರಿಯನಾದ ವಾನ್ ಲೈಮಿಂಗನನ್ನು, ನಾಲ್ಕು ದಶಕಗಳ ಮೇಲೆ, ಶಾಂಘೈಗೆ ಹೋಗಿ ಕಂಡು ತನ್ನ ಋಣವನ್ನು ನಿವೇದಿಸಿಕೊಂಡನು. 1988ರ ನವೆಂಬರಿನಲ್ಲಿ, ಹೊಟ್ಟೆಯ ಕ್ಯಾನ್ಸರ್ ಬಲವಾಗಿದ್ದಾಗಲೂ, ಅನಿಮೇಷನ್ ಉತ್ಸವಕ್ಕೆಂದು ಮತ್ತೊಮ್ಮೆ ಶಾಂಘೈಗೆ ಪಯಣಿಸಿದನು. 1989ರ ಫೆಬ್ರವರಿ 9ರಂದು ತೀರಿಕೊಂಡಾಗ ಆತನಿಗೆ ಅರುವತ್ತು ವರ್ಷ. ಗಯಟೆಯ ಫೌಸ್ಟನನ್ನು ಕುರಿತದ್ದೂ ಬೇಥೋವನ್ನನನ್ನು ಕುರಿತದ್ದೂ ಸೇರಿ ಮೂರು ಧಾರಾವಾಹಿಗಳು ಅರ್ಧಕ್ಕೆ ನಿಂತಿದ್ದುವು.